ಯಾವ ಲೂಯಿಯ ಚಿತ್ರ?

ಅಭ್ಯಾಸ ಬೋಧನೆಯ ವೀಕ್ಷಣೆಗೆ ಹೋಗಿದ್ದ ಪ್ರೌಢಶಾಲೆಯೊಂದರಲ್ಲಿ ಫ್ರಾನ್ಸಿನ ಕ್ರಾಂತಿಯ ಪಾಠ ನಡೆದಿತ್ತು. 1793ರಲ್ಲಿ ಗಿಲೋಟಿನ್‌ಗೆ ತಲೆಕೊಟ್ಟ 16ನೇ ಲೂಯಿ ಎಂದು ಪ್ರಶಿಕ್ಷಣಾರ್ಥಿ ತೋರಿಸಿದ್ದು 14ನೇ ಲೂಯಿಯ ಚಿತ್ರವನ್ನು. ನಾನೂ ಗಮನಿಸಲಿಲ್ಲ, ವೀಕ್ಷಣಾ ಪುಸ್ತಕದಲ್ಲಿ ‘ಬೋಧನೋಪಕರಣ: ಉತ್ತಮ’ ಎಂದು ಬರೆದೆ. ತಪ್ಪು ತಿಳಿದದ್ದು ಸಂಜೆ.

ಮರುದಿನ ಅವರು ಮಕ್ಕಳೆದುರು ತಪ್ಪು ಒಪ್ಪಿಕೊಂಡು ಎರಡು ಚಿತ್ರಗಳನ್ನು ಅಕ್ಕಪಕ್ಕ ತೂಗುಹಾಕಿದರು: ರಿಗೊ 1701ರಲ್ಲಿ ರಚಿಸಿದ 14ನೇ ಲೂಯಿ, ಮುಂದೆ ಕಾಲೆ ರಚಿಸಿದ 16ನೇ ಲೂಯಿ. ಎರಡರಲ್ಲೂ ಲಿಲ್ಲಿ ಹೂಗಳ ನೀಲಿ ನಿಲುವಂಗಿ, ರಾಜದಂಡ, ಅದೇ ಠೀವಿ. ‘ರಾಜ ಬದಲಾದರೂ ವೇಷವೇಕೆ ಬದಲಾಗಲಿಲ್ಲ?’ ಎಂದಳು ಒಬ್ಬ ಹುಡುಗಿ. ವ್ಯಕ್ತಿಗಿಂತ ಸಿಂಹಾಸನವನ್ನು ತೋರಿಸುವ ಚಿತ್ರಗಳಿವು ಎಂಬುದು ಆ ಪ್ರಶ್ನೆಯಿಂದ ಹೊರಬಂತು. ನಿಜವಾದ ಪಾಠ ಅಲ್ಲಿಂದ ಶುರುವಾಯಿತು.

ಅಚ್ಚಾದದ್ದೆಲ್ಲ ಸರಿ ಎನ್ನುವಂತಿಲ್ಲ. ಗಣಿತಜ್ಞ ಆದ್ರಿಯಾಂ ಮರಿ ಲೆಜಾಂದ್ರ್ ಅವರದೆಂದು ಎಷ್ಟೋ ಪುಸ್ತಕಗಳು ಬಹುಕಾಲ ಮುದ್ರಿಸಿದ ಮುಖ, ಕ್ರಾಂತಿಕಾಲದ ರಾಜಕಾರಣಿ ಲೂಯಿ ಲೆಜಾಂದ್ರ್ ಅವರದು. ಅಡ್ಡಹೆಸರು ಒಂದೇ ಆದದ್ದು ಸಾಕಾಯಿತು.

ಆದ್ದರಿಂದ ನನ್ನ ಸಲಹೆ: ಪಾಠಯೋಜನೆಯಲ್ಲಿ ‘ಚಿತ್ರಪಟ’ ಎಂದಷ್ಟೇ ಬರೆದರೆ ಒಪ್ಪಬಾರದು. ಚಿತ್ರ ಯಾರದು, ಬರೆದವರು ಯಾರು, ಯಾವಾಗ, ಏತಕ್ಕೆ ಎಂಬ ನಾಲ್ಕು ಉತ್ತರಗಳಿರಲಿ. ಅಂಕ ನೀಡುವ ಮುನ್ನ ವೀಕ್ಷಕರಾದ ನಾವೂ ಅವನ್ನು ಪರಿಶೀಲಿಸೋಣ. ಅಂದು ‘ಉತ್ತಮ’ ಎಂದು ಬರೆದ ತಪ್ಪು ಪ್ರಶಿಕ್ಷಣಾರ್ಥಿಯದಲ್ಲ, ನನ್ನದು.