ಮಗುವಿನ ಪರೀಕ್ಷೆಗೆ ವಿಮೆ ಸಿಗುವುದಿಲ್ಲ ಎಂದರೆ ಸುಮ್ಮನೆ ವಾಪಸ್ ಬರಬೇಡಿ!

ಕುಂದಾಪುರ ಕೋಡಿಯ ತಂದೆ-ತಾಯಂದಿರಲ್ಲಿ ವಿನಂತಿ



ಮಗುವಿಗೆ ಫಿಟ್ಸ್ ಬರುತ್ತದೆ, ಇಲ್ಲವೇ ವಾರ ಕಳೆದರೂ ಜ್ವರ ಬಿಡುವುದಿಲ್ಲ. ಉಡುಪಿಗೋ ಮಣಿಪಾಲಕ್ಕೋ ಓಡುತ್ತೇವೆ. ಡಾಕ್ಟ್ರು ಎಂಆರ್‌ಐ, ಇಇಜಿ, ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಪಾಲಿಸಿ ಇದೆಯಲ್ಲ ಎಂಬ ಧೈರ್ಯ ನಮ್ಮದು. ಕೊನೆಗೆ ಕಂಪನಿಯಿಂದ ಒಂದು ಸಾಲು ಬರುತ್ತದೆ: "ತಪಾಸಣೆಗಾಗಿ ಮಾತ್ರ ದಾಖಲಾದ ಕಾರಣ ಕ್ಲೇಮ್ ತಿರಸ್ಕರಿಸಲಾಗಿದೆ." ಅಲ್ಲಿಗೆ ಕೈಚೆಲ್ಲುತ್ತೇವೆ. ಕುತ್ತಿಗೆಯಲ್ಲಿದ್ದ ಚಿನ್ನ ಸೊಸೈಟಿಗೆ ಹೋಗುತ್ತದೆ.

ಕಂಪನಿಯ ಪತ್ರ ಕೋರ್ಟಿನ ತೀರ್ಪಲ್ಲ. ನಾವ್ ಕಟ್ಟದ್ ದುಡ್ಡ್, ಕೇಂಬುಕೆ ಹೆದ್ರ್ಕಿ ಎಂತಕೆ?

ನಿಯಮ ಏನು ಹೇಳುತ್ತದೆ?

ಕಂಪನಿಗಳು ತೋರಿಸುವುದು 'ಎಕ್ಸ್‌ಕ್ಲೂಷನ್ ಕೋಡ್ 04' ಎಂಬ ಷರತ್ತನ್ನು. ಮುಖ್ಯವಾಗಿ ತಪಾಸಣೆಗೆಂದೇ ದಾಖಲಾದರೆ ಹಣವಿಲ್ಲ. ಈಗಿನ ಕಾಯಿಲೆಗೂ ಚಿಕಿತ್ಸೆಗೂ ಸಂಬಂಧವಿಲ್ಲದ ಪರೀಕ್ಷೆಗೂ ಹಣವಿಲ್ಲ. ಷರತ್ತು ಅಷ್ಟೇ. ಮಗುವಿಗೆ ದಾಖಲಾತಿ ಬೇಕೇ ಬೇಕಿತ್ತು, ಇಂಜೆಕ್ಷನ್, ಡ್ರಿಪ್ ಕೊಟ್ಟರು, ಪರೀಕ್ಷೆಯ ಫಲಿತಾಂಶ ನೋಡಿ ಔಷಧಿ ನಿರ್ಧರಿಸಿದರು ಎಂದಾದರೆ ಈ ಷರತ್ತು ನಿಮ್ಮನ್ನು ತಡೆಯಬಾರದು. ದಾಖಲಾಗುವ ಮೊದಲಿನ 30 ದಿನಗಳಲ್ಲಿ ಅದೇ ಕಾಯಿಲೆಗೆ ಮಾಡಿಸಿದ ಪರೀಕ್ಷೆಯ ಖರ್ಚೂ ಹೆಚ್ಚಿನ ಪಾಲಿಸಿಗಳಲ್ಲಿ ಸಿಗುತ್ತದೆ.

"ಇದು ಅನುವಂಶಿಕ ಕಾಯಿಲೆ" ಎಂಬುದೊಂದೇ ಕಾರಣ ಕೊಟ್ಟರೆ ಒಪ್ಪಬೇಡಿ. ದೆಹಲಿ ಹೈಕೋರ್ಟ್ 2018ರ ಫೆಬ್ರವರಿಯಲ್ಲಿ ಇಂಥ ತಾರತಮ್ಯದ ವಿರುದ್ಧ ತೀರ್ಪು ಕೊಟ್ಟಿದೆ. ಮರುತಿಂಗಳೇ ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) ಆ ಕಾರಣಕ್ಕೆ ಕ್ಲೇಮ್ ನಿರಾಕರಿಸಬೇಡಿ ಎಂದು ಕಂಪನಿಗಳಿಗೆ ಸೂಚಿಸಿದೆ.

ಆದರೆ ದಾಖಲಾಗದೆ, ಹೊರರೋಗಿಯಾಗಿ ಮಾತ್ರ ಮಾಡಿಸಿದ ಪರೀಕ್ಷೆಗೆ ಪಾಲಿಸಿಯಲ್ಲಿ ಓಪಿಡಿ ಸೌಲಭ್ಯ ಇರಬೇಕು. ಇಲ್ಲದಿದ್ದರೆ ಜಗಳ ಮಾಡಿ ಫಲವಿಲ್ಲ.

ಡಿಸ್ಚಾರ್ಜ್ ಆಗುವ ಮೊದಲೇ ಓದಿ

ಕ್ಲೇಮ್ ಬೀಳಲು ಡಿಸ್ಚಾರ್ಜ್ ಸಮ್ಮರಿಯ ಒಂದೇ ಸಾಲು ಸಾಕು. 'ತಪಾಸಣೆಗಾಗಿ ದಾಖಲು' ಎಂದಷ್ಟೇ ಬರೆದಿದ್ದರೆ ಅಲ್ಲೇ ನಿಂತು ಡಾಕ್ಟ್ರನ್ನು ಕೇಳಿ. ಮಗು ಬಂದಾಗ ಹೇಗಿತ್ತು, ಯಾಕೆ ದಾಖಲಿಸಬೇಕಾಯಿತು, ಏನು ಚಿಕಿತ್ಸೆ ಕೊಟ್ಟರು ಎಂಬುದನ್ನು ಪೂರ್ತಿ ಬರೆಯಿಸಿಕೊಳ್ಳಿ. ಸುಳ್ಳು ಬೇಡ, ನಡೆದದ್ದು ಬಿಟ್ಟುಹೋಗುವುದೂ ಬೇಡ.

ತಿರಸ್ಕಾರವಾದರೆ ಹೀಗೆ ಮಾಡಿ

1. ಫೋನಿನಲ್ಲಿ ಹೇಳಿದ್ದನ್ನು ಒಪ್ಪಬೇಡಿ. ಯಾವ ಷರತ್ತಿನಡಿ ನಿರಾಕರಿಸಿದ್ದಾರೆಂದು ಬರಹದಲ್ಲೇ ಕೇಳಿ. ಐಆರ್‌ಡಿಎಐಯ 2024ರ ಮೇ ತಿಂಗಳ ಸುತ್ತೋಲೆಯಂತೆ ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮ್ ತಿರಸ್ಕರಿಸುವಂತಿಲ್ಲ.

2. ಡಾಕ್ಟ್ರ ಪತ್ರ, ರಿಪೋರ್ಟು, ಬಿಲ್ಲು ಲಗತ್ತಿಸಿ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ.

3. ಉತ್ತರ ಸರಿಬಾರದಿದ್ದರೆ ಐಆರ್‌ಡಿಎಐಗೆ ದೂರು ಕೊಡಿ. ಫೋನ್ 155255. 'ಬಿಮಾ ಭರೋಸಾ' ಪೋರ್ಟಲ್ ಕೂಡ ಇದೆ.

4. 30 ದಿನಗಳಲ್ಲಿ ಕಂಪನಿ ಉತ್ತರಿಸದಿದ್ದರೆ, ಅಥವಾ ಮತ್ತೆ ಇಲ್ಲ ಎಂದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಅರ್ಜಿ ಹಾಕಿ. 50 ಲಕ್ಷ ರೂಪಾಯಿವರೆಗಿನ ಪ್ರಕರಣ ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರು ಬೇಡ. ಆದರೆ ಒಂದು ವರ್ಷ ದಾಟಬಾರದು.

5. ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ಎರಡು ವರ್ಷದೊಳಗೆ ಹೋಗಬಹುದು. ಹೆಂಗಸರು, ಮಕ್ಕಳಿಗೆ ಕುಂದಾಪುರದ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಸಿಗುತ್ತದೆ.

ಪಾಲಿಸಿ ಇಲ್ಲದವರಿಗೆ

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ವಿಚಾರಿಸಲು 14555. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ಅಂಗನವಾಡಿ, ಸರಕಾರಿ ಶಾಲೆಗಳಲ್ಲಿ ನಡೆಯುತ್ತದೆ; ಅಲ್ಲಿ ತೊಂದರೆ ಕಂಡರೆ ಮುಂದಿನ ಚಿಕಿತ್ಸೆಯೂ ಉಚಿತ. ತಪಾಸಣೆಯ ದಿನ ಮಗುವನ್ನು ತಪ್ಪಿಸಬೇಡಿ.

ಮೀನುಗಾರ ಮನೆಗಳಿಗೆ ವಿಶೇಷ ಮಾತು

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟು ಕಡಲಿಗಿಳಿಯುವುದಿಲ್ಲ, ಕೈಯಲ್ಲಿ ಕಾಸಿಲ್ಲ. ಆಗ ಕಂತು ತಪ್ಪುತ್ತದೆ. ವಾರ್ಷಿಕ ಕಂತಿಗೆ 30 ದಿನ ಹೆಚ್ಚುವರಿ ಅವಕಾಶವಿದೆ. ಅದೂ ಕಳೆದರೆ ಪಾಲಿಸಿ ನಿಂತುಹೋಗಿ, ಕೆಲವು ಕಾಯಿಲೆಗಳಿಗೆ ಹಣ ಸಿಗಲು ಕಾಯಬೇಕಾದ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮೀನು ಸಿಗುವ ದಿನಗಳಲ್ಲೇ ಕಂತಿನ ಹಣ ತೆಗೆದಿಡಿ.

ನಮ್ಮ ಬೇಡಿಕೆ

ಬಡ ಮಕ್ಕಳಿಗೆ ದಾಖಲಾಗದೆ ಮಾಡಿಸುವ ಎಂಆರ್‌ಐ, ಇಇಜಿ, ಜೆನೆಟಿಕ್ ಪರೀಕ್ಷೆಗಳ ಖರ್ಚನ್ನೂ ಸರಕಾರದ ಯೋಜನೆಯೇ ಭರಿಸಬೇಕು. ರೋಗ ಯಾವುದೆಂದು ತಿಳಿಯದೆ ಮದ್ದು ಕೊಡುವುದು ಹೇಗೆ? ಪುರಸಭೆ ಸದಸ್ಯರ ಹತ್ತಿರ, ಶಾಸಕರ ಹತ್ತಿರ ಈ ಮಾತು ಕೇಳಿ.

ಮನೆಯಲ್ಲಿ ತಿರಸ್ಕಾರದ ಪತ್ರ ಬಿದ್ದಿದ್ದರೆ ಇವತ್ತೇ ತೆಗೆದು ತಾರೀಕು ನೋಡಿ. ಇಂಗ್ಲಿಷ್ ಓದಲು ಬಾರದಿದ್ದರೆ ಕಾಲೇಜಿಗೆ ಹೋಗುವ ಪಕ್ಕದ ಮನೆಯ ಮಕ್ಕಳಿಂದ ಓದಿಸಿ. ವರ್ಷ ಕಳೆಯುವ ಮೊದಲು ಅರ್ಜಿ ಹಾಕಿ. ಈ ಕರಪತ್ರ ಓದಿ ಎಸೆಯಬೇಡಿ, ಇನ್ನೊಂದು ಮನೆಗೆ ಕೊಡಿ.

– ಕೋಡಿಯ ಕೆಲವು ತಂದೆ-ತಾಯಂದಿರು