ಕಂದಿನೊಡನೆ ಬರುವ ಕೇಡು

ಕದಳೀವನವೇ ಕದ್ರಿಯಾಯಿತೆಂದು ಹಿರಿಯರು ಹೇಳುತ್ತ ಬಂದಿರುವ ಈ ಮಂಗಳೂರಿನಲ್ಲಿ, ಬೆಳಗಿನ ಬನ್ಸಿನಿಂದ ಮದುವೆಯೂಟದ ಎಲೆಯವರೆಗೆ, ದೇವರ ನೈವೇದ್ಯದಿಂದ ಚಪ್ಪರದ ಕಂಬದವರೆಗೆ, ಬಾಳೆಯಿಲ್ಲದೆ ನಡೆಯುವ ಕಾರ್ಯವೇ ವಿರಳ. ಹೀಗಿದ್ದೂ ಹಿತ್ತಿಲಿನ ಬಾಳೆ ಸೊರಗಿ ನಿಂತಾಗ, ನೀರು ಸಾಲದಾಯಿತೆಂದೋ ಗೊಬ್ಬರ ಕಡಿಮೆಯಾಯಿತೆಂದೋ ಭಾವಿಸಿ ನಾವು ಸುಮ್ಮನಾಗುತ್ತೇವೆ.

ಅಂಥ ಗಿಡವನ್ನು ಬಳಿಸಾರಿ ನೋಡಬೇಕು. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗುತ್ತ ಬಂದು, ತೊಟ್ಟಿನಲ್ಲಿ ಮುರಿದು, ಕಾಂಡದ ಸುತ್ತ ಜೋತುಬಿದ್ದಿರುತ್ತವೆ. ಬುಡವನ್ನು ಅಡ್ಡ ಕಡಿದರೆ, ಬೆಳ್ಳಗಿರಬೇಕಾದ ಒಡಲಿನಲ್ಲಿ ಕೆಂಗಂದು ಚುಕ್ಕೆಗಳು ಬಳೆಯಂತೆ ಸುತ್ತುಗಟ್ಟಿರುತ್ತವೆ. ಬೇರಿನ ಮೂಲಕ ಹೊಕ್ಕ ಫ್ಯುಸೇರಿಯಂ ಎಂಬ ಶಿಲೀಂಧ್ರವು ನೀರನ್ನು ಮೇಲಕ್ಕೊಯ್ಯುವ ನಾಳಗಳನ್ನೇ ಕಟ್ಟಿಬಿಡುವುದರಿಂದ, ಬುಡದಲ್ಲಿ ತೇವವಿದ್ದರೂ ಗಿಡವು ಬಾಯಾರಿ ಸಾಯುತ್ತದೆ. ಇದೇ ಪನಾಮಾ ಸೊರಗು ರೋಗ.

1876ರಲ್ಲಿ ಆಸ್ಟ್ರೇಲಿಯದಲ್ಲಿ ವರ್ಣಿತವಾದ ಈ ವ್ಯಾಧಿಯು, ಮುಂದೆ ಮಧ್ಯ ಅಮೆರಿಕದ ವಿಸ್ತಾರವಾದ ತೋಟಗಳನ್ನು ಹೊಕ್ಕು, ಗ್ರೋ ಮಿಶೆಲ್ ಎಂಬ ತಳಿಯನ್ನು 1960ರ ಸುಮಾರಿಗೆ ರಫ್ತಿನ ವ್ಯಾಪಾರದಿಂದಲೇ ಅಳಿಸಿತು. ನಮ್ಮಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ನಂಜನಗೂಡಿನ ರಸಬಾಳೆ ಇಂದು ದುರ್ಲಭವಾಗಿರುವುದಕ್ಕೂ ಪ್ರಧಾನ ಕಾರಣ ಇದೇ. ಏಲಕ್ಕಿ ಬಾಳೆಯೂ ಇದಕ್ಕೆ ಸುಲಭವಾಗಿ ಈಡಾಗುವಂಥದು. ಗ್ರೋ ಮಿಶೆಲ್‌ನ ಸ್ಥಾನಕ್ಕೆ ಬಂದ ಕ್ಯಾವೆಂಡಿಶ್ ತಳಿಯನ್ನೂ ಕೊಲ್ಲಬಲ್ಲ ಟಿಆರ್4 ಎಂಬ, ಅದೇ ಶಿಲೀಂಧ್ರದ ಹೊಸ ಬಗೆಯು ಈಗಾಗಲೇ ಬಿಹಾರದ ತೋಟಗಳನ್ನು ಹೊಕ್ಕಿದೆ.

ಸೊರಗಿದ ಗಿಡವನ್ನು ಬದುಕಿಸುವ ಔಷಧವಿಲ್ಲ. ಶಿಲೀಂಧ್ರದ ಬೀಜಾಣುಗಳು ಗಿಡವಳಿದ ಮೇಲೆಯೂ ದಶಕಗಳ ಕಾಲ ಮಣ್ಣಿನಲ್ಲಿ ಜೀವ ಹಿಡಿದಿರುತ್ತವೆ. ಆದುದರಿಂದ ಕಾಯಬೇಕಾದುದು ತೋಟದ ಬಾಗಿಲನ್ನು. ಆ ಬಾಗಿಲಿನಲ್ಲಿ ರೋಗವು ಬಹುಮಟ್ಟಿಗೆ ಬರುವುದು ಅತಿಥಿಯ ವೇಷದಲ್ಲಿ. ನೆಂಟರ ಮನೆಯಿಂದ ಮರಳುವಾಗ ಒಳ್ಳೆಯ ಜಾತಿಯದೆಂದು ಎರಡು ಕಂದುಗಳನ್ನು ಬೇರಿನ ಮಣ್ಣುಸಹಿತ ಕಟ್ಟಿಕೊಂಡು ಬರುವುದು ನಮ್ಮ ನಾಡಿನ ಅತ್ಯಂತ ಸುಂದರವಾದ ಔದಾರ್ಯ. ಆದರೆ ನೋಟಕ್ಕೆ ನಿರೋಗಿಯಾದ ಕಂದಿನಲ್ಲಿಯೂ ರೋಗ ಅಡಗಿರಬಹುದು.

ಆ ಔದಾರ್ಯವನ್ನು ಬಿಡಬೇಕೆಂದು ನಾನು ಹೇಳಲಾರೆ. ಅದಕ್ಕೆ ವಿವೇಕ ಜೊತೆಗೂಡಬೇಕೆಂದಷ್ಟೇ ನನ್ನ ಪ್ರಾರ್ಥನೆ. ಒಂದು ಬುಡ ಸೊರಗಿದ ತೋಟದಿಂದ ಯಾರಿಗೂ ಕಂದು ಸಲ್ಲದು; ಸೊರಗಿದ ಗಿಡವನ್ನು ಎಳೆದಾಡದೆ ನಿಂತಲ್ಲಿಯೇ ನಾಶಗೊಳಿಸಬೇಕು; ಹಾರೆ ಕತ್ತಿಗಳನ್ನು ತೊಳೆಯದೆ ಬೇರೊಂದು ಬುಡಕ್ಕೆ ಒಯ್ಯಬಾರದು. ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ ನಾಟಿಯ ಕಾಲದಲ್ಲಿಯೇ ಮಣ್ಣು ಸೇರಿದರೆ ಒಂದಿಷ್ಟು ರಕ್ಷೆ. ಅಡಿಕೆ ತೋಟದ ಕಾಳುಮೆಣಸಿನ ಬಳ್ಳಿಯನ್ನು ಮಳೆಗಾಲದಲ್ಲಿ ಕೊಲ್ಲುವ ಸೊರಗು ರೋಗದ ರೋಗಾಣು ಬೇರೆಯಾದರೂ, ಅದೂ ಮಣ್ಣು ನೀರುಗಳ ದಾರಿ ಹಿಡಿದೇ ಬರುವುದರಿಂದ, ಈ ಎಚ್ಚರ ಅಲ್ಲಿಯೂ ಸಾರ್ಥಕ.

ಪರೀಕ್ಷಿತವಾದ ಶುದ್ಧ ಸಸಿ ಸಣ್ಣ ಹಿಡುವಳಿದಾರನಿಗೂ ಎಟಕುವ ಬೆಲೆಗೆ, ಅವನ ಊರಿನಲ್ಲಿಯೇ ದೊರೆಯುವಂತೆ ಮಾಡುವುದು ಸರಕಾರದ ಹೊಣೆ. ತನ್ನ ತೋಟದಲ್ಲಿ ರೋಗವಿದೆಯೆಂದು ನಾಚದೆ ನೆರೆಯವನಿಗೆ ತಿಳಿಸುವುದು ಬೆಳೆಗಾರನ ಹೊಣೆ. ಕೊಡದೆ ಉಳಿಸಿಕೊಂಡ ಆ ಒಂದು ಕಂದು ನೆರೆಯವನ ಮಕ್ಕಳ ಕಾಲದವರೆಗೂ ಅವನ ಮಣ್ಣನ್ನು ಕಾಯುವ ದಾನವಾಗುತ್ತದೆ.