ಪ್ರತಿಭೆಗೆ ಹೊಣೆಯಿಂದ ವಿನಾಯಿತಿ ಇದೆಯೇ?

ಕಥಾಪಾಠದ ಕೊನೆಗೆ ‘ಈ ಪಾತ್ರ ಒಳ್ಳೆಯದೋ ಕೆಟ್ಟದ್ದೋ?’ ಎಂದು ಕೇಳುವುದು ನಮ್ಮ ಪಾಠಯೋಜನೆಗಳಲ್ಲಿ ರೂಢಿ. ಪ್ರತಿಭಾವಂತನೊಬ್ಬ ತಪ್ಪೆಸಗುವ ಕಥೆಗೆ ಈ ಪ್ರಶ್ನೆ ಸಾಲದು. ಜೆ.ಆರ್.ಆರ್. ಟೋಲ್ಕಿನ್ ಕಲ್ಪಿಸಿದ ಪುರಾಣಲೋಕದ ಫೆಯನೋರ್ ಇದಕ್ಕೆ ತಕ್ಕ ನಿದರ್ಶನ. ಅವನ ಕಥೆ ಲೇಖಕರ ಮರಣಾನಂತರ, 1977ರಲ್ಲಿ ಪ್ರಕಟವಾದ ‘ದಿ ಸಿಲ್ಮರಿಲಿಯನ್’ ಕೃತಿಯಲ್ಲಿದೆ.

ಫೆಯನೋರ್ ಎಲ್ಫ್ ಕುಲದ ರಾಜಕುಮಾರ. ಲಿಪಿಯನ್ನು ಸುಧಾರಿಸಿದವನು. ದೇವತೆಗಳ ನಾಡನ್ನು ಬೆಳಗುತ್ತಿದ್ದ ಎರಡು ಮರಗಳ ಬೆಳಕನ್ನು ಸಿಲ್ಮರಿಲ್ ಎಂಬ ಮೂರು ರತ್ನಗಳಲ್ಲಿ ಹಿಡಿದಿಟ್ಟವನು. ದುಷ್ಟನಾದ ಮೆಲ್ಕೋರ್ ಮರಗಳನ್ನು ನಾಶಮಾಡಿ, ಫೆಯನೋರನ ತಂದೆಯನ್ನು ಕೊಂದು, ರತ್ನಗಳನ್ನು ಕದ್ದೊಯ್ದ. ಅವನ್ನು ಮರಳಿ ಪಡೆಯುವುದಾಗಿ ಫೆಯನೋರ್ ತನ್ನ ಏಳು ಮಕ್ಕಳೊಂದಿಗೆ ಶಪಥ ಮಾಡಿದ. ಹಡಗು ಕೊಡಲೊಪ್ಪದ ಬಂಧುಕುಲದವರನ್ನು ಕೊಂದು ಹಡಗುಗಳನ್ನು ಕಿತ್ತುಕೊಂಡ. ಕಡಲು ದಾಟಿದ ಮೇಲೆ, ಆಚೆ ದಡದಲ್ಲಿ ಕಾದಿದ್ದ ಮಲತಮ್ಮನ ಜನರಿಗೆ ಸಿಗದಂತೆ ಆ ಹಡಗುಗಳನ್ನೇ ಸುಡಿಸಿದ. ಅವರು ಮಂಜುಗಡ್ಡೆಯ ಮೇಲೆ ನಡೆದು ಬರಬೇಕಾಯಿತು. ಹಲವರು ದಾರಿಯಲ್ಲೇ ಸತ್ತರು.

ಅವನ ಪರವಾಗಿ ಹೇಳುವುದಕ್ಕೂ ಇದೆ. ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡಿದ್ದ. ಮೆಲ್ಕೋರನ ಸುಳ್ಳುಗಳು ಆ ಮನೆತನವನ್ನು ಒಡೆದಿದ್ದವು. ಮಕ್ಕಳು ಇದನ್ನೆಲ್ಲ ಗುರುತಿಸಲಿ. ಆದರೆ ಕಾರಣ ತಿಳಿಯುವುದು ಬೇರೆ, ಹೊಣೆಯನ್ನು ಇಳಿಸುವುದು ಬೇರೆ. ಹಡಗು ಸುಡು ಎಂದು ಮೆಲ್ಕೋರ್ ಹೇಳಿರಲಿಲ್ಲ. ಅದೇ ದಡದಲ್ಲಿ, ಅದೇ ಶಪಥಕ್ಕೆ ಕಟ್ಟುಬಿದ್ದಿದ್ದ ಹಿರಿಯ ಮಗ ಮೈಧ್ರೋಸ್ ಬೆಂಕಿಯಿಡದೆ ದೂರ ನಿಂತ. ಅಂದರೆ ಬೇರೆ ದಾರಿ ಇತ್ತು.

ಇನ್ನೂ ಸೂಕ್ಷ್ಮವಾದ ಘಟನೆಯೊಂದಿದೆ. ಮರಗಳನ್ನು ಬದುಕಿಸಲು ರತ್ನಗಳನ್ನು ಕೊಡು ಎಂದು ಕೇಳಿದಾಗ ಫೆಯನೋರ್ ಒಲ್ಲೆನೆಂದ. ಅವು ಆಗಲೇ ಕಳುವಾಗಿದ್ದವು. ಒಪ್ಪಿದ್ದರೂ ಮರಗಳು ಚಿಗುರುತ್ತಿರಲಿಲ್ಲ. ಹಾಗಾದರೆ ಆ ಉತ್ತರಕ್ಕೆ ಬೆಲೆಯಿಲ್ಲವೇ? ಇದೆ ಎಂಬುದು ನನ್ನ ಅಭಿಪ್ರಾಯ. ಅಂದು ‘ಕೊಡುತ್ತೇನೆ’ ಎಂದಿದ್ದರೆ ಮುಂದೆ ಅವನು ಬೇರೆ ಮನುಷ್ಯನೇ ಆಗಬಹುದಿತ್ತು. ಅಷ್ಟಕ್ಕೂ ರತ್ನದೊಳಗಿನ ಬೆಳಕು ಅವನದಾಗಿರಲಿಲ್ಲ. ಅವನ ಕೈಚಳಕಕ್ಕೂ ಮಹ್ತಾನ್ ಎಂಬ ಗುರುವಿದ್ದ.

ಆದ್ದರಿಂದ ಪ್ರಶಿಕ್ಷಣಾರ್ಥಿಗಳು ಇಂಥ ಪಾಠದಲ್ಲಿ ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳಬಹುದು. ಎಲ್ಲೆಲ್ಲಿ ಅವನಿಗೆ ಬೇರೆ ಆಯ್ಕೆಯಿತ್ತು? ಅವನ ಆಯ್ಕೆಗೆ ಬೆಲೆ ತೆತ್ತವರು ಯಾರು? ಅವನ ಜಾಣ್ಮೆ ಯಾರಿಂದ ಬಂದದ್ದು? ಉತ್ತರಕ್ಕೆ ಕಥೆಯಿಂದಲೇ ಆಧಾರ ಕೊಡಬೇಕೆಂದು ಹೇಳಿ.

ಇದು ಕಥೆಯ ಮಾತಷ್ಟೇ ಅಲ್ಲ. ಮೊದಲ ಸ್ಥಾನ ಬರುವ ಹುಡುಗ ಹಿಂದಿನ ಬೆಂಚಿನವನನ್ನು ಅವಮಾನಿಸಿದಾಗ ‘ಜಾಣ, ಸ್ವಲ್ಪ ಮುಂಗೋಪಿ’ ಎಂದು ಬಿಟ್ಟುಬಿಡುವ ಶಿಕ್ಷಕರಿದ್ದಾರೆ. ಅವನ ಅಂಕಗಳನ್ನು ಮೆಚ್ಚೋಣ. ಅವನ ನಡತೆಗೆ ಅವನೇ ಉತ್ತರ ಕೊಡಲಿ. ಹೆಚ್ಚು ಬಲ್ಲವನಿಂದ ಹೆಚ್ಚು ನಿರೀಕ್ಷಿಸುವುದು ಅವನಿಗೆ ನಾವು ತೋರುವ ಗೌರವವೂ ಹೌದು.